ಗೋಡೋ 4ರಲ್ಲಿ ಸ್ಪ್ರೈಟ್ ಕಾಣದಿದ್ದರೆ, ಕಂಡೂ ಅಲುಗದಿದ್ದರೆ: ದೋಷ ನಿವಾರಣೆ ಕೈಪಿಡಿ

ಗೋಡೋ ಎಂಜಿನ್‌ನಲ್ಲಿ ಎರಡು ಆಯಾಮದ ಆಟ ಕಟ್ಟುವವರು ಪಾತ್ರದ ಓಟ, ನೆಗೆತ, ಹೊಡೆತಗಳನ್ನು ತೋರಿಸಲು ಸಾಮಾನ್ಯವಾಗಿ ಅನಿಮೇಟೆಡ್‌ಸ್ಪ್ರೈಟ್2ಡಿ ಎಂಬ ನೋಡ್ (ಆಟವನ್ನು ಕಟ್ಟುವ ಒಂದು ಘಟಕ) ಬಳಸುತ್ತಾರೆ. ಇದನ್ನೇ ಮುಂದೆ ಸ್ಪ್ರೈಟ್ ಎಂದು ಕರೆದಿದ್ದೇನೆ. ಹೊರನೋಟಕ್ಕೆ ಅದು ಒಂದೇ ವಸ್ತುವಿನಂತೆ ಕಂಡರೂ ಅದರ ಕೆಲಸ ನಾಲ್ಕು ಕಡೆ ಹಂಚಿಹೋಗಿದೆ. ಚಿತ್ರಗಳು ಸ್ಪ್ರೈಟ್‌ಫ್ರೇಮ್ಸ್ ಎಂಬ ರಿಸೋರ್ಸ್‌ನಲ್ಲಿ, ಎಂದರೆ ನೋಡ್‌ಗಳು ಬಳಸುವ ದತ್ತಾಂಶದ ಕಟ್ಟಿನಲ್ಲಿ, ಇರುತ್ತವೆ. ಅವು ಪರದೆಯ ಯಾವ ಜಾಗದಲ್ಲಿ, ಯಾವುದರ ಮುಂದೆ ಅಥವಾ ಹಿಂದೆ ಮೂಡಬೇಕೆಂಬುದು ಸೀನ್ ಟ್ರೀಯಲ್ಲಿ (ನೋಡ್‌ಗಳು ಪೋಷಕ, ಮಗು ಎಂದು ಜೋಡಿಸಿಕೊಂಡಿರುವ ಮರದಲ್ಲಿ) ಅದರ ಮೇಲಿರುವ ನೋಡ್‌ಗಳನ್ನು ಅವಲಂಬಿಸುತ್ತದೆ. ಯಾವ ಹೊತ್ತಿಗೆ ಯಾವ ಅನಿಮೇಶನ್ ಓಡಬೇಕೆಂಬುದನ್ನು ಸ್ಕ್ರಿಪ್ಟ್ ಹೇಳುತ್ತದೆ. ಈ ನೋಡ್ ತಾನಾಗಿ ಮಾಡುವುದು ಕಾಲವನ್ನು ಎಣಿಸಿ ಮುಂದಿನ ಫ್ರೇಮ್‌ಗೆ (ಚಿತ್ರಸರಣಿಯ ಮುಂದಿನ ಚಿತ್ರಕ್ಕೆ) ಹೋಗುವ ಕೆಲಸವನ್ನಷ್ಟೇ. ಹೀಗಾಗಿ ಪರದೆಯ ಮೇಲೆ ಕಾಣುವ ಒಂದೇ ಲಕ್ಷಣಕ್ಕೆ ನಾಲ್ಕು ಬೇರೆ ಬೇರೆ ಜಾಗಗಳಲ್ಲಿ ಕಾರಣ ಇರಬಹುದು. ಬಹುಪಾಲು ಜನ ಸ್ಕ್ರಿಪ್ಟ್‌ನಿಂದಲೇ ಹುಡುಕಾಟ ಆರಂಭಿಸುತ್ತಾರೆ. ನನ್ನ ಅನುಭವದಲ್ಲಿ ಅದು ಕೊನೆಗೆ ನೋಡಬೇಕಾದ ಜಾಗ. ಓಡುತ್ತಿರುವ ಟ್ರೀಯನ್ನು ಮೊದಲು ನೋಡಿದರೆ ಅರ್ಧ ಸಂಜೆ ಉಳಿಯುತ್ತದೆ.

ಇಲ್ಲಿ ಬರುವ ಹೆಸರುಗಳೆಲ್ಲ 2023ರ ಮಾರ್ಚ್ 1ರಂದು ಬಿಡುಗಡೆಯಾದ 4.0 ಮತ್ತು ಅದರ ನಂತರದ ಆವೃತ್ತಿಗಳಿಗೆ ಸೇರಿದವು. ಉದಾಹರಣೆಗಳಲ್ಲಿ ಪಾತ್ರದ ಅನಿಮೇಶನ್‌ಗಳನ್ನು "ನಿಲುವು", "ಓಟ", "ಹೊಡೆತ", "ನೋವು" ಎಂದು ಕರೆದಿದ್ದೇನೆ.

ಮೊದಲು ಓಡುತ್ತಿರುವ ಟ್ರೀಯನ್ನು ನೋಡಿ

ಆಟವನ್ನು ಓಡಿಸಿ, ಅದನ್ನು ನಿಲ್ಲಿಸದೆ ಎಡಿಟರ್‌ಗೆ ಮರಳಿ ಬನ್ನಿ. ಸೀನ್ ಡಾಕ್‌ನ ಮೇಲ್ಭಾಗದಲ್ಲಿ ಲೋಕಲ್, ರಿಮೋಟ್ ಎಂಬ ಎರಡು ಗುಂಡಿಗಳು ಕಾಣುತ್ತವೆ. ಲೋಕಲ್ ಎಂಬುದು ನೀವು ಬರೆದಿಟ್ಟ ಟ್ರೀ. ರಿಮೋಟ್ ಎಂಬುದು ಈ ಕ್ಷಣದಲ್ಲಿ ಆಟದೊಳಗೆ ನಿಜವಾಗಿ ಬದುಕಿರುವ ಟ್ರೀ. ರಿಮೋಟ್‌ನಲ್ಲಿ ನಿಮ್ಮ ಸ್ಪ್ರೈಟ್ ಹುಡುಕಿ ಆರಿಸಿದರೆ ಇನ್‌ಸ್ಪೆಕ್ಟರ್‌ನಲ್ಲಿ ಅದರ ಗುಣಗಳ ಈಗಿನ ಬೆಲೆಗಳು ಕಾಣುತ್ತವೆ.

ಆ ನೋಡ್ ಅಲ್ಲಿ ಇಲ್ಲವೇ ಇಲ್ಲದಿದ್ದರೆ ಅನಿಮೇಶನ್ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ಸೀನ್‌ನ ಇನ್‌ಸ್ಟೆನ್ಸ್ (ಒಂದು ಪ್ರತಿ) ಮಾಡಿದ ಬಳಿಕ ಅದನ್ನು ಆ್ಯಡ್ ಚೈಲ್ಡ್ ಮೂಲಕ ಟ್ರೀಗೆ ಸೇರಿಸಲು ಮರೆತಿರಬಹುದು, ಇಲ್ಲವೇ ಯಾವುದೋ ಸಾಲು ಅದನ್ನು ಮೊದಲೇ ಕ್ಯೂ ಫ್ರೀ ಮಾಡಿ ಅಳಿಸಿರಬಹುದು. ಇದ್ದರೆ, ಫ್ರೇಮ್ ಎಂಬ ಗುಣದ ಮೇಲೆ ಕೆಲವು ಸೆಕೆಂಡು ಕಣ್ಣಿಡಿ. ಅಂಕಿ ಬದಲಾಗುತ್ತಿದ್ದೂ ಪರದೆಯ ಮೇಲೆ ಏನೂ ಕಾಣದಿದ್ದರೆ ದೋಷ ಇರುವುದು ತೋರಿಸುವ ದಾರಿಯಲ್ಲಿ, ಎಂದರೆ ಮೇಲಿನ ನೋಡ್‌ಗಳಲ್ಲಿ. ಚಿತ್ರ ಕಾಣುತ್ತಿದ್ದೂ ಅಂಕಿ ಸ್ಥಿರವಾಗಿದ್ದರೆ ದೋಷ ಇರುವುದು ಕಾಲ ಎಣಿಸುವ ದಾರಿಯಲ್ಲಿ. ಅಂಕಿಯೂ ಬದಲಾಗುತ್ತಿದೆ, ಚಿತ್ರವೂ ಕಾಣುತ್ತಿದೆ, ಆದರೆ ಅದು ಅಲುಗುತ್ತಿಲ್ಲ ಎಂದಾದರೆ ಎಲ್ಲ ಫ್ರೇಮ್‌ಗಳಿಗೂ ಒಂದೇ ಚಿತ್ರವನ್ನು ಸೇರಿಸಿರುವ ಸಾಧ್ಯತೆಯೇ ಹೆಚ್ಚು. ಈ ಒಂದು ನೋಟದಿಂದ ಹುಡುಕಾಟದ ಕ್ಷೇತ್ರ ಸಾಕಷ್ಟು ಕಿರಿದಾಗುತ್ತದೆ.

ಚಿತ್ರವೇ ಕಾಣುತ್ತಿಲ್ಲ

ಸೀನ್ ಡಾಕ್‌ನಲ್ಲಿ ನೋಡ್‌ನ ಪಕ್ಕ ಹಳದಿ ತ್ರಿಕೋನ ಕಂಡರೆ ಸ್ಪ್ರೈಟ್‌ಫ್ರೇಮ್ಸ್ ರಿಸೋರ್ಸ್ ಅನ್ನು ಕೊಟ್ಟೇ ಇಲ್ಲ ಎಂದರ್ಥ. ಹಾಗೆಯೇ, ಒಂದು ಹೆಸರಿನ ಅನಿಮೇಶನ್ ಇಲ್ಲ ಎಂಬ ದೋಷಸಂದೇಶ ಔಟ್‌ಪುಟ್‌ನಲ್ಲಿ ಬಂದರೆ ಕಾಗುಣಿತವನ್ನಷ್ಟೇ ಶಂಕಿಸಬೇಡಿ. ರಿಸೋರ್ಸ್ ಖಾಲಿಯಿದ್ದಾಗಲೂ ಅದೇ ಸಂದೇಶ ಬರುತ್ತದೆ.

ಇವೆರಡೂ ಸರಿಯಿದ್ದರೆ ನೋಡ್‌ನಿಂದ ಟ್ರೀಯ ಬೇರಿನ (ಎಲ್ಲಕ್ಕೂ ಮೇಲಿನ ನೋಡ್‌ನ) ಕಡೆಗೆ ಒಂದೊಂದೇ ಮೆಟ್ಟಿಲು ಏರುತ್ತಾ ಹೋಗಿ. ವಿಸಿಬಲ್ ಎಂಬ ಗುಣವನ್ನು ಯಾವ ಪೋಷಕ ನೋಡ್‌ನಲ್ಲಿ ತೆಗೆದರೂ ಅದರ ಕೆಳಗಿನವೆಲ್ಲ ಮರೆಯಾಗುತ್ತವೆ, ಆದರೆ ಆ ಮಕ್ಕಳ ಸ್ವಂತ ವಿಸಿಬಲ್ ಗುಣ ಮಾತ್ರ ಗುರುತು ಹಾಕಿದಂತೆಯೇ ಉಳಿಯುತ್ತದೆ. ಆದ್ದರಿಂದ ಸ್ಕ್ರಿಪ್ಟ್‌ನಲ್ಲಿ ಪರೀಕ್ಷಿಸುವಾಗ ಆ ಗುಣವನ್ನಲ್ಲ, ಈಸ್ ವಿಸಿಬಲ್ ಇನ್ ಟ್ರೀ ಎಂಬ ಮೆಥಡ್ ಕೊಡುವ ಉತ್ತರವನ್ನು ನಂಬಬೇಕು. ಮಾಡ್ಯುಲೇಟ್ ಬಣ್ಣವೂ ಪೋಷಕರಿಂದ ಮಕ್ಕಳಿಗೆ ಇಳಿದುಬರುತ್ತದೆ. ಪಾತ್ರ ಮಸುಕಾಗುವ ಪರಿಣಾಮಕ್ಕಾಗಿ ಟ್ವೀನ್ (ಗುಣವೊಂದನ್ನು ಮೆಲ್ಲಗೆ ಬದಲಿಸುವ ಸಾಧನ) ಬಳಸಿ ಆಲ್ಫಾವನ್ನು (ಬಣ್ಣದ ಅಪಾರದರ್ಶಕತೆಯನ್ನು) 0ಗೆ ಇಳಿಸಿ, ಮರುಹುಟ್ಟಿನ ಹೊತ್ತಿಗೆ ಅದನ್ನು 1ಕ್ಕೆ ಏರಿಸಲು ಮರೆತರೆ ಎಲ್ಲವೂ ಸರಿಯಿದ್ದು ಪಾತ್ರ ಮಾತ್ರ ಕಾಣದಂತಾಗುತ್ತದೆ. ಸೆಲ್ಫ್ ಮಾಡ್ಯುಲೇಟ್ ಹೀಗೆ ಕೆಳಗಿಳಿಯುವುದಿಲ್ಲ. ಒಂದು ನೋಡ್ ಮಾತ್ರ ಮಸುಕಾಗಬೇಕಾದಾಗ ಅದನ್ನೇ ಬಳಸುವುದು ಕ್ಷೇಮ.

ಇಲ್ಲೊಂದು ದೋಷದ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ಅದು ನೋಡುಗರ ಕಣ್ಣಿಗೆ ಬೀಳುವಂಥದ್ದಲ್ಲ. ಗೋಡೋದಲ್ಲಿ ಸ್ಥಾನ, ತಿರುವು, ಅಳತೆ, ಗೋಚರತೆ ಮತ್ತು ಬಣ್ಣ ಇವೆಲ್ಲವೂ ಪೋಷಕರಿಂದ ಮಕ್ಕಳಿಗೆ ಹರಿಯಬೇಕಾದರೆ ನಡುವಿನ ಪ್ರತಿ ಕೊಂಡಿಯೂ ಕ್ಯಾನ್ವಾಸ್‌ಐಟಮ್ ವಂಶಕ್ಕೆ, ಎಂದರೆ ನೋಡ್2ಡಿ ಅಥವಾ ಕಂಟ್ರೋಲ್ ಕುಲಕ್ಕೆ ಸೇರಿರಬೇಕು. ನಡುವೆ ಬರಿಯ ನೋಡ್ ಎಂಬ ಮೂಲ ಜಾತಿಯ ಒಂದು ನೋಡ್ ಬಂದರೂ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಸ್ಟೇಟ್ ಮಷೀನ್ (ಪಾತ್ರದ ಸ್ಥಿತಿಗಳನ್ನು ನಿಭಾಯಿಸುವ ವ್ಯವಸ್ಥೆ) ಕಟ್ಟುವವರು ಅದನ್ನು ಬರಿಯ ನೋಡ್ ಆಗಿ ಇಟ್ಟು, ಅಚ್ಚುಕಟ್ಟಿಗೆಂದು ಸ್ಪ್ರೈಟ್ ಅನ್ನೂ ಅದರ ಕೆಳಗೆ ಎಳೆದು ಹಾಕುವುದುಂಟು. ನಾನು ಬರೆಯುತ್ತಿದ್ದ ಒಂದು ಆಟದಲ್ಲಿ ಹೀಗೇ ಆಗಿ, ಪಾತ್ರದ ದೇಹ ಪರದೆಯ ನಡುವೆ ಗೋಡೆಗಳಿಗೆ ಡಿಕ್ಕಿ ಹೊಡೆಯುತ್ತಾ ಓಡಾಡುತ್ತಿದ್ದರೂ ಅದರ ಚಿತ್ರ ಮಾತ್ರ ಆಟದ ಲೋಕದ ಮೂಲಬಿಂದುವಿನಲ್ಲಿ, ಕ್ಯಾಮೆರಾ ಎಂದೂ ತಲುಪದ ಜಾಗದಲ್ಲಿ, ನೆಮ್ಮದಿಯಿಂದ ಕಾಲಾಡಿಸುತ್ತಾ ಉಳಿದಿತ್ತು. ಎರಡು ಸಂಜೆ ನಾನು ಚಿತ್ರದ ಕಡತವನ್ನೇ ಶಂಕಿಸಿದೆ. ಕೊನೆಗೆ ದಾರಿ ತೋರಿದ್ದು ಒಂದೇ ಒಂದು ಸಾಲು: ಸ್ಪ್ರೈಟ್‌ನ ಗ್ಲೋಬಲ್ ಪೊಸಿಶನ್ ಮತ್ತು ದೇಹದ ಗ್ಲೋಬಲ್ ಪೊಸಿಶನ್ ಎರಡನ್ನೂ ಒಟ್ಟಿಗೆ ಮುದ್ರಿಸಿದಾಗ ಮೊದಲನೆಯದು 0, 0 ಎಂದೇ ನಿಂತಿತ್ತು. ಆ ನಡುವಿನ ನೋಡ್ ಮೇಲೆ ಬಲ ಕ್ಲಿಕ್ ಮಾಡಿ ಅದರ ಜಾತಿಯನ್ನು ನೋಡ್2ಡಿಗೆ ಬದಲಿಸಿದರೆ ಸಾಕು, ಅಥವಾ ಸ್ಪ್ರೈಟ್ ಅನ್ನು ದೇಹದ ನೇರ ಮಗುವಾಗಿ ಮೇಲಕ್ಕೆ ತಂದರೂ ಆದೀತು. ಟಾಪ್ ಲೆವೆಲ್ ಎಂಬ ಗುಣಕ್ಕೆ ಅಕಸ್ಮಾತ್ತಾಗಿ ಗುರುತು ಬಿದ್ದಿದ್ದರೂ ಚಿತ್ರ ಹೀಗೆಯೇ ದೇಹವನ್ನು ಬಿಟ್ಟು ದೂರ ಉಳಿಯುತ್ತದೆ.

ಸ್ಥಾನವೂ ಸರಿಯಿದ್ದರೆ ಉಳಿದದ್ದು ಮರೆಗೆ ಬೀಳುವ ಪ್ರಶ್ನೆ. ಒಂದೇ ಕ್ಯಾನ್ವಾಸ್‌ನಲ್ಲಿ ಟ್ರೀಯ ಕೆಳಗಿನ ಸಾಲಿನಲ್ಲಿರುವ ನೋಡ್ ಮೇಲಿನ ಸಾಲಿನದರ ಮೇಲೆ ಮೂಡುತ್ತದೆ. ಹಿನ್ನೆಲೆಯನ್ನು ಪಾತ್ರದ ನಂತರ ಸೇರಿಸಿದರೆ ಹಿನ್ನೆಲೆಯೇ ಪಾತ್ರವನ್ನು ನುಂಗುತ್ತದೆ. ಝಡ್ ಇಂಡೆಕ್ಸ್ ಈ ಕ್ರಮವನ್ನು ಬದಲಿಸುತ್ತದೆ. ಅದರ ವ್ಯಾಪ್ತಿ -4096ರಿಂದ 4096ರವರೆಗೆ, ಮತ್ತು ಅದು ಪೂರ್ವನಿಯೋಜಿತವಾಗಿ ಪೋಷಕದ ಬೆಲೆಯ ಮೇಲೆ ಕೂಡಿಕೊಳ್ಳುತ್ತದೆ: ಪೋಷಕದ್ದು -1 ಇದ್ದು ಸ್ಪ್ರೈಟ್‌ನದು 0 ಇದ್ದರೆ ನಿಜವಾದ ಬೆಲೆ -1, ಹಾಗಾಗಿ 0 ಬೆಲೆಯ ಹಿನ್ನೆಲೆಯ ಹಿಂದಕ್ಕೆ ಅದು ಸರಿಯುತ್ತದೆ. ಇಷ್ಟಾದರೂ ಝಡ್ ಇಂಡೆಕ್ಸ್ ಒಂದು ಕ್ಯಾನ್ವಾಸ್‌ಲೇಯರ್ ದಾಟಿ ಇನ್ನೊಂದಕ್ಕೆ ತಲುಪುವುದಿಲ್ಲ. ಹೊಸ ಕ್ಯಾನ್ವಾಸ್‌ಲೇಯರ್‌ನ ಪದರದ ಸಂಖ್ಯೆ 1, ಆಟದ ಲೋಕ ಇರುವುದು 0ರಲ್ಲಿ. ಹಾಗಾಗಿ ಅಂಕಪಟ್ಟಿಯ ಪದರದಲ್ಲಿ ಪರದೆ ತುಂಬುವ ಕಲರ್‌ರೆಕ್ಟ್ (ಬಣ್ಣದ ಆಯತ) ಇದ್ದರೆ ಸ್ಪ್ರೈಟ್‌ಗೆ 4096 ಕೊಟ್ಟರೂ ಅದು ಮೇಲೆ ಬರಲಾರದು.

ಕಾಣುತ್ತಿದೆ, ಅಲುಗುತ್ತಿಲ್ಲ

ಆರಂಭಿಕರಲ್ಲಿ ಅತಿ ಸಾಮಾನ್ಯವಾದ ಕಾರಣ ಬಹಳ ಸರಳ. ಎಡಿಟರ್‌ನ ಕೆಳಭಾಗದ ಸ್ಪ್ರೈಟ್‌ಫ್ರೇಮ್ಸ್ ಫಲಕದಲ್ಲಿ ಓಡಿಸುವ ಗುಂಡಿ ಒತ್ತಿದಾಗ ಚಿತ್ರ ಓಡುತ್ತದೆ, ಆದರೆ ಅದು ಮುನ್ನೋಟ ಮಾತ್ರ. ಆಟದಲ್ಲಿ ಓಡಬೇಕಾದರೆ ಅದೇ ಫಲಕದ ಆಟೋಪ್ಲೇ ಗುಂಡಿಯನ್ನು ಆನ್ ಮಾಡಬೇಕು ಅಥವಾ ಸ್ಕ್ರಿಪ್ಟ್‌ನಲ್ಲಿ ಪ್ಲೇ ಮೆಥಡ್ ಕರೆಯಬೇಕು. ಗೋಡೋ 3ರಿಂದ ತಂದ ಪ್ರಾಜೆಕ್ಟ್‌ಗಳಲ್ಲಿ ಇದೇ ದೋಷ ಇನ್ನೊಂದು ರೂಪದಲ್ಲಿ ಬರುತ್ತದೆ. ಅಲ್ಲಿದ್ದ ಪ್ಲೇಯಿಂಗ್ ಎಂಬ ಗುಣ 4.0ರಲ್ಲಿ ಇಲ್ಲವಾಗಿದೆ, ಫ್ರೇಮ್ಸ್ ಎಂಬ ಗುಣದ ಹೆಸರು ಸ್ಪ್ರೈಟ್ ಫ್ರೇಮ್ಸ್ ಎಂದಾಗಿದೆ, ಮತ್ತು ಹಿಂದೆ ಇದ್ದ ಫ್ರೇಮ್‌ನಲ್ಲೇ ನಿಲ್ಲಿಸುತ್ತಿದ್ದ ಸ್ಟಾಪ್ ಈಗ ಮೊದಲ ಫ್ರೇಮ್‌ಗೆ ಹಿಂದಿರುಗಿಸುತ್ತದೆ. ಇದ್ದಲ್ಲೇ ನಿಲ್ಲಿಸಲು ಪಾಸ್ ಎಂಬ ಮೆಥಡ್ ಇದೆ. ಅನಿಮೇಶನ್ ಎಂಬ ಗುಣಕ್ಕೆ ಹೊಸ ಹೆಸರು ಕೊಟ್ಟ ಮಾತ್ರಕ್ಕೆ ನಿಂತಿದ್ದ ಸ್ಪ್ರೈಟ್ ಓಡಲು ಆರಂಭಿಸುವುದಿಲ್ಲ ಎಂಬುದನ್ನೂ ಇದರ ಜೊತೆಗೇ ನೆನಪಿಡಬೇಕು.

ಅನುಭವ ಇರುವವರನ್ನೂ ಕಾಡುವ ದೋಷ ಬೇರೆಯದು. ಲಕ್ಷಣ ಹೀಗಿರುತ್ತದೆ: ಪಾತ್ರ ನಿಂತಿರುವಾಗ "ನಿಲುವು" ಚೆನ್ನಾಗಿ ಓಡುತ್ತದೆ, ನಡೆಯಲು ಆರಂಭಿಸಿದ ಕೂಡಲೇ "ಓಟ"ದ ಮೊದಲ ಫ್ರೇಮ್‌ನಲ್ಲಿ ಅಂಟಿಕೊಂಡು, ಮಂಜುಗಡ್ಡೆಯ ಮೇಲಿನ ಬೊಂಬೆಯಂತೆ ಜಾರುತ್ತಾ ಹೋಗುತ್ತದೆ. ಕಾರಣ ಸ್ಕ್ರಿಪ್ಟ್‌ನಲ್ಲಿದೆ: ಫಿಸಿಕ್ಸ್ ಪ್ರೊಸೆಸ್‌ನಲ್ಲಿ (ಎಂಜಿನ್ ಮತ್ತೆ ಮತ್ತೆ ಕರೆಯುವ ಮೆಥಡ್‌ನಲ್ಲಿ) ಮೊದಲ ಸಾಲು ಷರತ್ತಿಲ್ಲದೆ "ನಿಲುವು" ಓಡಿಸು ಎನ್ನುತ್ತದೆ. ಎರಡು ಸಾಲು ಕೆಳಗೆ, ವೇಗ ಸೊನ್ನೆಯಲ್ಲದಿದ್ದರೆ "ಓಟ" ಓಡಿಸು ಎನ್ನುತ್ತದೆ. ಬರೆದವರ ಮನಸ್ಸಿನಲ್ಲಿ ಇದು ಒಂದು ಪೂರ್ವನಿಯೋಜಿತ ಸ್ಥಿತಿ ಮತ್ತು ಅದನ್ನು ಮೀರುವ ಒಂದು ಷರತ್ತು. ಎಂಜಿನ್‌ಗೆ ಅದು ಹಾಗಲ್ಲ. ಓಡುತ್ತಿರುವ ಹೆಸರನ್ನೇ ಪ್ಲೇಗೆ ಮತ್ತೆ ಕೊಟ್ಟರೆ ಅದು ಏನನ್ನೂ ಕೆಡಿಸದೆ ಮುಂದುವರಿಯುತ್ತದೆ, ಆದರೆ ಹೆಸರು ಬದಲಾದರೆ ಫ್ರೇಮ್ 0ಗೆ ಮರಳುತ್ತದೆ ಮತ್ತು ಆ ಫ್ರೇಮ್‌ನೊಳಗಿನ ಪ್ರಗತಿಯೂ ಅಳಿಯುತ್ತದೆ. ಫಿಸಿಕ್ಸ್ ಪ್ರೊಸೆಸ್ ಪೂರ್ವನಿಯೋಜಿತವಾಗಿ ಸೆಕೆಂಡಿಗೆ 60 ಬಾರಿ ಓಡುವುದರಿಂದ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಹೆಸರು "ಓಟ"ದಿಂದ "ನಿಲುವು"ಗೆ, ಅಲ್ಲಿಂದ ಮತ್ತೆ "ಓಟ"ಕ್ಕೆ ಬದಲಾಗುತ್ತದೆ. ಸೆಕೆಂಡಿಗೆ 10 ಫ್ರೇಮ್‌ಗಳ ಅನಿಮೇಶನ್‌ನಲ್ಲಿ ಮುಂದಿನ ಫ್ರೇಮ್ ಬರಲು 100 ಮಿಲಿಸೆಕೆಂಡ್ ಬೇಕು. ಆ ಎಣಿಕೆ ಎಂದೂ ಪೂರ್ಣವಾಗುವುದಿಲ್ಲ.

ಇದನ್ನು ಖಚಿತಪಡಿಸಲು ಅನಿಮೇಶನ್ ಚೇಂಜ್ಡ್ ಎಂಬ ಸಿಗ್ನಲ್ (ಏನಾದರೂ ನಡೆದಾಗ ನೋಡ್ ಹೊರಡಿಸುವ ಸೂಚನೆ) ಅನ್ನು ಒಂದು ಪ್ರಿಂಟ್ ಸಾಲಿಗೆ ಜೋಡಿಸಿ. ಆರೋಗ್ಯವಂತ ಆಟದಲ್ಲಿ ಅದು ಗುಂಡಿ ಒತ್ತಿದಾಗಲೋ ಬಿಟ್ಟಾಗಲೋ ಒಮ್ಮೆ ಮುದ್ರಿಸುತ್ತದೆ. ಈ ದೋಷವಿದ್ದರೆ ಔಟ್‌ಪುಟ್ ಫಲಕ ಮಳೆಯಂತೆ ಸುರಿಯುತ್ತದೆ. ಪರಿಹಾರವೆಂದರೆ ತೀರ್ಮಾನವನ್ನು ಒಂದೇ ಜಾಗಕ್ಕೆ ತರುವುದು: ಬೇಕಾದ ಹೆಸರನ್ನು ಒಂದು ವೇರಿಯಬಲ್‌ನಲ್ಲಿ ಮೊದಲು "ನಿಲುವು" ಎಂದಿಟ್ಟು, ಷರತ್ತುಗಳು ಆ ವೇರಿಯಬಲ್ ಅನ್ನು ಬೇಕಾದಂತೆ ಬದಲಿಸಲಿ, ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಒಮ್ಮೆ ಮಾತ್ರ ಪ್ಲೇ ಕರೆಯಿರಿ. ಎರಡು ಸ್ಕ್ರಿಪ್ಟ್‌ಗಳು ಒಂದೇ ಸ್ಪ್ರೈಟ್‌ಗೆ ಆಜ್ಞೆ ಕೊಡುತ್ತಿದ್ದರೂ ಇದೇ ಜಗಳ ನಡೆಯುತ್ತದೆ, ಮತ್ತು ಅದನ್ನು ಒಂದು ಸ್ಕ್ರಿಪ್ಟ್ ಓದಿ ಎಂದೂ ಕಂಡುಹಿಡಿಯಲಾಗದು. ಬೇರೆ ನೋಡ್‌ಗಳ ಗುಣಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸುವ ಅನಿಮೇಶನ್‌ಪ್ಲೇಯರ್ ನೋಡ್‌ನಲ್ಲಿ ಸ್ಪ್ರೈಟ್‌ನ ಫ್ರೇಮ್ ಗುಣಕ್ಕೆ ಟ್ರ್ಯಾಕ್ ಹಾಕಿ, ಅದೇ ಹೊತ್ತಿಗೆ ಸ್ಪ್ರೈಟ್ ಅನ್ನೂ ಪ್ಲೇ ಮಾಡಿದರೆ ಎರಡೂ ಒಂದೇ ಅಂಕಿಯನ್ನು ಎಳೆದಾಡುತ್ತವೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅಧಿಕಾರ ಕೊಡಬೇಕು.

ಇದರದೇ ಸೌಮ್ಯ ರೂಪ ಇಳಿಜಾರಿನಲ್ಲಿ ಕಾಣುತ್ತದೆ. ಪಾತ್ರ ನೆಲದ ಮೇಲಿದೆಯೇ ಎಂದು ಹೇಳುವ ಈಸ್ ಆನ್ ಫ್ಲೋರ್ ಮೆಥಡ್‌ನ ಉತ್ತರ ಒಂದು ಕ್ಷಣ ಹೌದು, ಮರುಕ್ಷಣ ಇಲ್ಲ ಎಂದಾಗುತ್ತಾ ಓಟ ಮತ್ತು ನೆಗೆತಗಳು ಒಂದನ್ನೊಂದು ತುಂಡರಿಸುತ್ತವೆ. ಅಲ್ಲಿ ಪಾತ್ರದ ದೇಹವಾದ ಕ್ಯಾರೆಕ್ಟರ್‌ಬಾಡಿ2ಡಿಯ ಫ್ಲೋರ್ ಸ್ನ್ಯಾಪ್ ಉದ್ದವನ್ನು ಸ್ವಲ್ಪ ಹೆಚ್ಚಿಸಿ ನೋಡುವುದು ಸ್ಪ್ರೈಟ್ ತಿದ್ದುವುದಕ್ಕಿಂತ ಸರಿಯಾದ ದಾರಿ.

ಅಂಕಿ ಸಂಪೂರ್ಣ ಸ್ಥಿರವಾಗಿದ್ದು, ಸಿಗ್ನಲ್ ಕೂಡ ಮೌನವಾಗಿದ್ದರೆ ಕಾಲವೇ ಹರಿಯುತ್ತಿಲ್ಲವೇ ಎಂದು ನೋಡಿ. ಮೆನು ತೆರೆದಾಗ ಟ್ರೀಯನ್ನು ಪಾಸ್ ಮಾಡಿ ಮರಳಿ ಬಿಡದೇ ಇರಬಹುದು, ಎಂಜಿನ್‌ನ ಟೈಮ್ ಸ್ಕೇಲ್ 0 ಆಗಿರಬಹುದು, ಅಥವಾ ಮೇಲಿನ ಯಾವುದೋ ನೋಡ್‌ನ ಪ್ರೊಸೆಸ್ ಮೋಡ್ ಡಿಸೇಬಲ್ಡ್ ಆಗಿರಬಹುದು. ಸೆಟ್ ಪ್ರೊಸೆಸ್‌ಗೆ ಫಾಲ್ಸ್ ಕೊಟ್ಟದ್ದರಿಂದ ಸ್ಪ್ರೈಟ್ ನಿಂತಿತು ಎಂದು ತಿಳಿಯುವುದು ತಪ್ಪು. ಸ್ಪ್ರೈಟ್ ತನ್ನ ಕಾಲವನ್ನು ಎಂಜಿನ್‌ನ ಒಳಗಿನ ಬೇರೊಂದು ಪ್ರೊಸೆಸ್‌ನಲ್ಲಿ ಎಣಿಸುತ್ತದೆ. ಸ್ಪೀಡ್ ಸ್ಕೇಲ್ 0 ಆಗಿ ಉಳಿದಿದ್ದರಂತೂ ಇನ್ನೊಂದು ಮೋಸ ಕಾದಿರುತ್ತದೆ: ಆಗಲೂ ಈಸ್ ಪ್ಲೇಯಿಂಗ್ ಹೌದು ಎಂದೇ ಉತ್ತರಿಸುತ್ತದೆ. ಆ ಉತ್ತರವನ್ನು ನಂಬಿ ಬೇರೆಡೆ ಹುಡುಕಲು ಹೋಗಬೇಡಿ. ಗೆಟ್ ಪ್ಲೇಯಿಂಗ್ ಸ್ಪೀಡ್ ಮುದ್ರಿಸಿ ನೋಡಿ.

ಓಡುತ್ತಿದ್ದರೂ ವೇಗ ಸರಿಯಿಲ್ಲ ಎನಿಸಿದರೆ ಲೆಕ್ಕ ಹಾಕಿ ನೋಡಬಹುದು. ಒಂದು ಫ್ರೇಮ್ ನಿಲ್ಲುವ ಕಾಲವೆಂದರೆ ಅದಕ್ಕೆ ಕೊಟ್ಟ ಸಾಪೇಕ್ಷ ಅವಧಿಯನ್ನು ಅನಿಮೇಶನ್‌ನ ಫ್ರೇಮ್ ದರ ಮತ್ತು ಓಟದ ವೇಗಗಳ ಗುಣಲಬ್ಧದಿಂದ ಭಾಗಿಸಿದ್ದು. ಹೊಸ ಅನಿಮೇಶನ್‌ನ ದರ ಸೆಕೆಂಡಿಗೆ 5 ಫ್ರೇಮ್. 8 ಫ್ರೇಮ್‌ಗಳ ಓಟ ಅದೇ ದರದಲ್ಲಿ ಒಂದು ಸುತ್ತು ಮುಗಿಸಲು 1.6 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅದು ಓಟಕ್ಕಿಂತ ತೆವಳಿಕೆಯಂತೆ ಕಾಣುತ್ತದೆ. ದರವನ್ನು 12ಕ್ಕೆ ಏರಿಸಿದರೆ ಸುಮಾರು 0.67 ಸೆಕೆಂಡಿಗೆ ಇಳಿಯುತ್ತದೆ. ಆದರೆ ಒಬ್ಬ ಶತ್ರುವನ್ನು ಮಾತ್ರ ನಿಧಾನಗೊಳಿಸಲು ರಿಸೋರ್ಸ್‌ನ ದರವನ್ನೇ ಸ್ಕ್ರಿಪ್ಟ್‌ನಲ್ಲಿ ಬದಲಿಸಿದರೆ ಎಲ್ಲ ಶತ್ರುಗಳೂ ಒಟ್ಟಿಗೆ ನಿಧಾನವಾಗುತ್ತಾರೆ, ಏಕೆಂದರೆ ಒಂದೇ ಸೀನ್‌ನ ಎಲ್ಲ ಇನ್‌ಸ್ಟೆನ್ಸ್‌ಗಳೂ ಒಂದೇ ಸ್ಪ್ರೈಟ್‌ಫ್ರೇಮ್ಸ್ ಅನ್ನು ಹಂಚಿಕೊಳ್ಳುತ್ತವೆ. ಆ ಕೆಲಸಕ್ಕೆ ನೋಡ್‌ನದೇ ಆದ ಸ್ಪೀಡ್ ಸ್ಕೇಲ್ ಇದೆ. ರಿಸೋರ್ಸ್ ಅನ್ನೇ ಬದಲಿಸಬೇಕಾದ ಅನಿವಾರ್ಯತೆ ಇದ್ದರೆ ಡೂಪ್ಲಿಕೇಟ್ ಮಾಡಿ ಪ್ರತಿ ಪಾತ್ರಕ್ಕೂ ಅದರದೇ ಪ್ರತಿಯನ್ನು ಕೊಡಿ.

ಮುಗಿಯದ ಹೊಡೆತ

ಪಾತ್ರ ಒಮ್ಮೆ ಹೊಡೆದ ಮೇಲೆ ಯಾವ ಗುಂಡಿಗೂ ಓಗೊಡದೆ ಹೊಡೆಯುತ್ತಲೇ ಇದ್ದರೆ, ಅನಿಮೇಶನ್ ಫಿನಿಶ್ಡ್ ಸಿಗ್ನಲ್‌ಗಾಗಿ ಕಾಯುತ್ತಿರುವ ಅವೇಟ್ ಸಾಲು ಇನ್ನೂ ಕಾಯುತ್ತಲೇ ಇದೆ ಎಂದರ್ಥ. ಲೂಪ್ ಆಗುವ ಅನಿಮೇಶನ್ ಆ ಸಿಗ್ನಲ್ ಅನ್ನು ಎಂದೂ ಹೊರಡಿಸುವುದಿಲ್ಲ. ಪ್ರತಿ ಸುತ್ತಿನ ಕೊನೆಗೆ ಅನಿಮೇಶನ್ ಲೂಪ್ಡ್ ಎಂಬ ಬೇರೆ ಸಿಗ್ನಲ್ ಬರುತ್ತದೆ. ಹೊಸದಾಗಿ ಸೇರಿಸಿದ ಅನಿಮೇಶನ್‌ಗೆ ಲೂಪ್ ಮೊದಲೇ ಆನ್ ಆಗಿರುವುದರಿಂದ "ಹೊಡೆತ"ಕ್ಕೆ ಅದನ್ನು ತೆಗೆಯುವುದು ನಮ್ಮದೇ ಹೊಣೆ.

ಲೂಪ್ ತೆಗೆದ ಮೇಲೂ ಒಮ್ಮೊಮ್ಮೆ ಮಾತ್ರ ತಲೆದೋರುವ ದೋಷ ಉಳಿದರೆ, ಹೊಡೆತದ ನಡುವೆ ಪಾತ್ರಕ್ಕೆ ಪೆಟ್ಟು ಬಿದ್ದು "ನೋವು" ಆರಂಭವಾಗುವ ಸನ್ನಿವೇಶವನ್ನು ಬೇಕೆಂದೇ ಸೃಷ್ಟಿಸಿ ನೋಡಿ. ಆಗ "ಹೊಡೆತ" ಮುಗಿಯುವುದೇ ಇಲ್ಲ, ಕಾಯುತ್ತಿದ್ದ ಸಾಲು "ನೋವು" ಮುಗಿದಾಗ ಎಚ್ಚೆತ್ತು ಹೊಡೆತವೇ ಮುಗಿಯಿತೆಂದು ಭಾವಿಸುತ್ತದೆ. ಅನಿಮೇಶನ್‌ಪ್ಲೇಯರ್‌ನ ಸಿಗ್ನಲ್ ಮುಗಿದ ಅನಿಮೇಶನ್‌ನ ಹೆಸರನ್ನು ಜೊತೆಗೆ ತರುತ್ತದೆ, ಅನಿಮೇಟೆಡ್‌ಸ್ಪ್ರೈಟ್2ಡಿಯ ಸಿಗ್ನಲ್ ತರುವುದಿಲ್ಲ. ಹಾಗಾಗಿ ಸಿಗ್ನಲ್ ಬಂದಾಗ ಅನಿಮೇಶನ್ ಗುಣದಲ್ಲಿ ಯಾವ ಹೆಸರಿದೆ ಎಂದು ನಾವೇ ಪರೀಕ್ಷಿಸಬೇಕು.

ನಡುಗುವ, ಜಾರುವ ಚಿತ್ರ

ಪಾತ್ರ ಪ್ರತಿ ಫ್ರೇಮ್‌ಗೂ ಪಕ್ಕಕ್ಕೆ ಜಾರಿ ಮತ್ತೆ ಹಿಂದಕ್ಕೆ ಬರುತ್ತಿದ್ದರೆ ಸ್ಪ್ರೈಟ್ ಶೀಟ್ ಅನ್ನು ತಪ್ಪಾಗಿ ಕತ್ತರಿಸಲಾಗಿದೆ. 384 ಪಿಕ್ಸೆಲ್ ಅಗಲದ ಹಾಳೆಯಲ್ಲಿ 6 ಚಿತ್ರಗಳಿದ್ದರೆ ಪ್ರತಿಯೊಂದರ ಅಗಲ 64; ಅದನ್ನೇ 8 ಭಾಗ ಮಾಡಿದರೆ 48ರ ತುಂಡುಗಳು ಬಂದು ಪಕ್ಕದ ಚಿತ್ರದ ಕೈಕಾಲು ಇಣುಕುತ್ತದೆ. ಕತ್ತರಿಕೆ ಸರಿಯಿದ್ದೂ ಕಾಲುಗಳು ನೆಲದಿಂದ ಏಳುತ್ತಾ ಬೀಳುತ್ತಾ ಇದ್ದರೆ ಫ್ರೇಮ್‌ಗಳ ಅಳತೆಗಳು ಒಂದೇ ಇಲ್ಲ ಎಂದರ್ಥ. ಸೆಂಟರ್ಡ್ ಆನ್ ಆಗಿದ್ದಾಗ ಪ್ರತಿ ಚಿತ್ರವೂ ತನ್ನ ನಡುಬಿಂದುವಿನ ಸುತ್ತ ಕೂರುವುದರಿಂದ ಎತ್ತರ ಬದಲಾದಂತೆ ಪಾದವೂ ಸರಿಯುತ್ತದೆ. ಪಿಕ್ಸೆಲ್ ಆರ್ಟ್ ಶೈಲಿಯ ಚಿತ್ರ ಮಸುಕಾಗಿ ಕಂಡರೆ ಟೆಕ್ಸ್ಚರ್ ಫಿಲ್ಟರ್ ಅನ್ನು ಲೀನಿಯರ್‌ನಿಂದ ನಿಯರೆಸ್ಟ್‌ಗೆ ಬದಲಿಸಿ. ಬೆಸ ಸಂಖ್ಯೆಯ ಅಗಲದ ಚಿತ್ರ ಅರ್ಧ ಪಿಕ್ಸೆಲ್ ಮೇಲೆ ಕುಳಿತು ವಿಕಾರವಾದರೆ ಸೆಂಟರ್ಡ್ ಆಫ್ ಮಾಡುವುದು ಅಥವಾ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪಿಕ್ಸೆಲ್‌ಗೆ ಸ್ನ್ಯಾಪ್ ಮಾಡುವ ಆಯ್ಕೆ ಕೊಡುವುದು ಪರಿಹಾರ. ಶೇಡರ್ (ಚಿತ್ರದ ನೋಟವನ್ನು ಬದಲಿಸುವ ಕಿರು ಪ್ರೋಗ್ರಾಂ) ಹಾಕಿದ ಕೂಡಲೇ ಪರಿಣಾಮ ಚಿತ್ರದ ಒಂದು ಮೂಲೆಗೆ ಸೀಮಿತವಾದರೆ, ಅಟ್ಲಾಸ್‌ನಿಂದ (ಹಲವು ಚಿತ್ರಗಳಿರುವ ಹಾಳೆಯಿಂದ) ಬಂದ ಫ್ರೇಮ್‌ನಲ್ಲಿ, ಚಿತ್ರದೊಳಗಿನ ಸ್ಥಾನವನ್ನು ಹೇಳುವ ಯುವಿ ಅಂಕಿಗಳು ಆ ಫ್ರೇಮ್ ಅನ್ನಲ್ಲ, ಇಡೀ ಹಾಳೆಯನ್ನು ಅಳೆಯುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಡಿಟರ್‌ನಲ್ಲಿ ಸರಿ, ಎಕ್ಸ್‌ಪೋರ್ಟ್ ಮಾಡಿದಾಗ ಖಾಲಿ

ವಿಂಡೋಸ್ ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಮಾಡುವುದಿಲ್ಲ, ಎಕ್ಸ್‌ಪೋರ್ಟ್ ಆದ ಪಿಸಿಕೆ ಎಂಬ ಆಟದ ಕಡತಗಳ ಕಟ್ಟಿನೊಳಗೆ ಆ ಭೇದ ಇದೆ. ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ಬರೆದ ದಾರಿ ಅಕ್ಷರಶಃ ಒಂದೇ ಆಗಿರಬೇಕು. ಫೋಲ್ಡರ್‌ನಲ್ಲಿರುವ ಚಿತ್ರಗಳನ್ನು ಪಟ್ಟಿ ಮಾಡಿ ಸ್ಕ್ರಿಪ್ಟ್‌ನಲ್ಲೇ ಸ್ಪ್ರೈಟ್‌ಫ್ರೇಮ್ಸ್ ಕಟ್ಟುವವರು ಇನ್ನೂ ಒಂದು ವಿಷಯ ತಿಳಿದಿರಬೇಕು: ಎಕ್ಸ್‌ಪೋರ್ಟ್ ಆದ ಆಟದಲ್ಲಿ ಮೂಲ ಪಿಎನ್‌ಜಿ ಕಡತಗಳು ಇರುವುದಿಲ್ಲ, ಪಟ್ಟಿಯಲ್ಲಿ ಇಂಪೋರ್ಟ್ ಎಂಬ ಬಾಲವುಳ್ಳ ಹೆಸರುಗಳಷ್ಟೇ ಸಿಗುತ್ತವೆ. ಆ ಬಾಲವನ್ನು ಕತ್ತರಿಸಿ, ಉಳಿದ ಹೆಸರನ್ನು ಲೋಡ್‌ಗೆ ಕೊಟ್ಟರೆ ಎಂಜಿನ್ ಸರಿಯಾದ ಕಡತವನ್ನು ತಾನೇ ಹುಡುಕಿಕೊಳ್ಳುತ್ತದೆ.

ಇಷ್ಟೆಲ್ಲ ನೋಡಿದರೂ ಕಾರಣ ಸಿಗದಿದ್ದರೆ

ಹೊಸದೊಂದು ಖಾಲಿ ಸೀನ್ ತೆರೆದು, ಟ್ರೀಯ ಬೇರಾಗಿ ಒಂದು ನೋಡ್2ಡಿ ಇಟ್ಟು, ಅದರ ಕೆಳಗೆ ಅದೇ ಸ್ಪ್ರೈಟ್‌ಫ್ರೇಮ್ಸ್ ಹೊತ್ತ ಸ್ಪ್ರೈಟ್ ಒಂದನ್ನೇ ಆಟೋಪ್ಲೇಯೊಂದಿಗೆ ಹಾಕಿ, ಎಫ್6 ಒತ್ತಿ ಆ ಸೀನ್ ಅನ್ನಷ್ಟೇ ಓಡಿಸಿ. ಅಲ್ಲಿಯೂ ಕೆಟ್ಟಿದ್ದರೆ ತಪ್ಪು ರಿಸೋರ್ಸ್‌ನದು ಅಥವಾ ಚಿತ್ರಗಳದು; ಅಲ್ಲಿ ಸರಿಯಿದ್ದರೆ ಮೂಲ ಆಟದ ಪೋಷಕ ನೋಡ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ, ಪ್ರತಿ ಸಲವೂ ಓಡಿಸುತ್ತಾ ಹೋಗಿ, ಸ್ಕ್ರಿಪ್ಟ್ ಅನ್ನು ಕೊನೆಗೆ ಜೋಡಿಸಿ. ಈ ಪರೀಕ್ಷೆಯಲ್ಲಿ ಸ್ಪ್ರೈಟ್ ಅನ್ನು 0, 0 ಸ್ಥಾನದಲ್ಲಿ ಬಿಡಬಾರದು. ಕ್ಯಾಮೆರಾ ಇಲ್ಲದ ಸೀನ್‌ನಲ್ಲಿ ಮೂಲಬಿಂದು ಪರದೆಯ ಎಡ ಮೇಲ್ಮೂಲೆಯಲ್ಲಿರುವುದರಿಂದ ಸೆಂಟರ್ಡ್ ಚಿತ್ರದ ಮುಕ್ಕಾಲು ಭಾಗ ಪರದೆಯ ಹೊರಗೇ ಉಳಿದು, ಇಲ್ಲದ ದೋಷವೊಂದನ್ನು ತೋರಿಸೀತು; 500, 300ರ ಆಸುಪಾಸಿನಲ್ಲಿಟ್ಟರೆ ಪೂರ್ತಿ ಕಾಣುತ್ತದೆ.